ಎಂಜಿನ್ ನಿಂತರೆ ವಿಮಾನ ಬಿದ್ದೇ ಬಿಡುತ್ತದಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಲ ತರಬೇತಿ ವಿಮಾನಗಳ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಪ್ರಶ್ನೆ: ಮೇಲೆ ಹೋದಾಗ ಎಂಜಿನ್ ಕೈಕೊಟ್ಟರೆ ಗತಿ ಏನು? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರೇ ಜಾಸ್ತಿ ಕೇಳಿದ್ದೀರಿ. ಹಾಗಾಗಿ ಈ ಸಲ ಪೂರ್ತಿ ಅದನ್ನೇ ತೆಗೆದುಕೊಂಡಿದ್ದೇನೆ. ವಿಮಾನ ಹಾರಿಸೋದನ್ನು ಕಲಿಸುತ್ತಿದ್ದವನು ನಾನು, ಈ ವಿಷಯ ಬಂದರೆ ಬೇಗ ಮುಗಿಸೋಕೆ ಆಗಲ್ಲ. ಕೆಲವು ಉತ್ತರ ಉದ್ದ ಇವೆ.

ಸರ್, ಒಂದೇ ಎಂಜಿನ್ ಇರೋ ಸಣ್ಣ ವಿಮಾನದಲ್ಲಿ ಅದು ನಿಂತುಹೋದರೆ ವಿಮಾನ ನೇರ ಕೆಳಗೆ ಬೀಳುತ್ತದಾ?
— ಪಿಯುಸಿ ವಿದ್ಯಾರ್ಥಿನಿ, ಧಾರವಾಡ

ಇಲ್ಲ ತಂಗಿ, ಬೀಳಲ್ಲ. ವಿಮಾನವನ್ನು ಮೇಲೆ ಹಿಡಿದಿರೋದು ರೆಕ್ಕೆ. ರೆಕ್ಕೆಗೆ ಸಾಕಷ್ಟು ವೇಗದಲ್ಲಿ ಗಾಳಿ ಸಿಗುತ್ತಿರುವವರೆಗೂ ಅದು ಹಾರುತ್ತಲೇ ಇರುತ್ತದೆ. ಎಂಜಿನ್ ಆ ವೇಗ ಕೊಡುತ್ತದೆ ಅಷ್ಟೇ. ಅದು ನಿಂತ ಮೇಲೆ ವೇಗವನ್ನು ಎತ್ತರದಿಂದ ಪಡೆಯಬೇಕು, ಅಂದರೆ ಮೂತಿ ಸ್ವಲ್ಪ ತಗ್ಗಿಸಿ ಇಳಿಯುತ್ತಾ ಹೋಗಬೇಕು. ನೃಪತುಂಗ ಬೆಟ್ಟದ ರಸ್ತೆಯಲ್ಲಿ ಪೆಡಲ್ ತುಳಿಯದೆ ಸೈಕಲ್ ಇಳಿಬಿಟ್ಟ ಹಾಗೆ.

ತರಬೇತಿಗೆ ಹೆಚ್ಚು ಬಳಸೋ ಸೆಸ್ನಾ 172 ತೆಗೆದುಕೊಳ್ಳಿ. ಎಂಜಿನ್ ಇಲ್ಲದೆ ಒಂದು ಕಿಲೋಮೀಟರ್ ಎತ್ತರ ಕಳೆದುಕೊಳ್ಳೋ ಹೊತ್ತಿಗೆ ಸುಮಾರು ಒಂಬತ್ತು ಕಿಲೋಮೀಟರ್ ಮುಂದಕ್ಕೆ ಹೋಗುತ್ತದೆ. ಆದರೆ ಇದಕ್ಕೆ ಒಂದು ಸರಿಯಾದ ವೇಗ ಇದೆ, ಗಂಟೆಗೆ ಹೆಚ್ಚುಕಡಿಮೆ 120 ಕಿಲೋಮೀಟರ್. ಅದಕ್ಕಿಂತ ಕಡಿಮೆ ಮಾಡಿದರೂ ದೂರ ಹೋಗಲ್ಲ, ಜಾಸ್ತಿ ಮಾಡಿದರೂ ಹೋಗಲ್ಲ.

ಇಲ್ಲಿ ನಮ್ಮ ಕಡೆಯವರು ನೆನಪಿಡಬೇಕಾದ ಒಂದು ಮಾತು ಇದೆ. ವಿಮಾನದ ಎತ್ತರ ಮಾಪಕ ಸಾಮಾನ್ಯವಾಗಿ ಸಮುದ್ರ ಮಟ್ಟದಿಂದ ಲೆಕ್ಕ ತೋರಿಸುತ್ತದೆ. ಹುಬ್ಬಳ್ಳಿ ವಿಮಾನ ನಿಲ್ದಾಣವೇ ಸಮುದ್ರ ಮಟ್ಟದಿಂದ ಸುಮಾರು 2,170 ಅಡಿ ಮೇಲಿದೆ. ಅಂದರೆ ಮಾಪಕ 5,000 ಅಡಿ ಅಂತ ತೋರಿಸುವಾಗ ನಿಮ್ಮ ಕಾಲ ಕೆಳಗಿನ ಹೊಲಕ್ಕೆ ಇರೋದು 2,800 ಅಡಿ ಚಿಲ್ಲರೆ. ಗಾಳಿ ಇಲ್ಲ ಅಂದುಕೊಂಡರೆ ಏಳೂವರೆ-ಏಳೂಮುಕ್ಕಾಲು ಕಿಲೋಮೀಟರ್ ದೂರ, ನಾಲ್ಕು ನಿಮಿಷಕ್ಕೂ ಕಡಿಮೆ ಸಮಯ. ಅಷ್ಟರೊಳಗೆ ಎಲ್ಲ ಮುಗಿಯಬೇಕು.

ಆ ಹೊತ್ತಿಗೆ ಪೈಲಟ್ ಮೊದಲು ಏನು ಮಾಡುತ್ತಾರೆ? ಸಿನಿಮಾದಲ್ಲಿ ತೋರಿಸೋ ಹಾಗೆ ‘ಮೇಡೇ ಮೇಡೇ’ ಅಂತ ಕೂಗೋದಾ?
— ಬ್ಯಾಂಕ್ ನೌಕರರು, ಹುಬ್ಬಳ್ಳಿ

ಮೇಡೇ ಹೇಳಬೇಕು, ಮೂರು ಸಲ ಹೇಳಬೇಕು, ಆದರೆ ಅದು ಮೊದಲ ಕೆಲಸ ಅಲ್ಲ. ರೇಡಿಯೊದ ಆ ಕಡೆ ಇರುವವರು ನಿಮ್ಮ ವಿಮಾನವನ್ನು ಹಿಡಿದುಕೊಳ್ಳೋಕೆ ಆಗಲ್ಲ. ಮೊದಲು ವೇಗ. ಎಂಜಿನ್ ಸದ್ದು ನಿಂತ ಕ್ಷಣ ಎದೆ ಝಲ್ ಅನ್ನುತ್ತದೆ, ಕೈ ತಾನಾಗಿಯೇ ಕಂಟ್ರೋಲನ್ನು ಹಿಂದಕ್ಕೆ ಎಳೆಯುತ್ತದೆ, ಮೂತಿ ಮೇಲೆತ್ತಿದರೆ ಮೇಲೇ ಇರಬಹುದು ಅಂತ ಮನಸ್ಸು ಹೇಳುತ್ತದೆ. ಅದೇ ತಪ್ಪು. ಮೂತಿ ಎತ್ತಿದರೆ ವೇಗ ಇಳಿಯುತ್ತದೆ, ವೇಗ ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುತ್ತದೆ, ಅದನ್ನೇ ಸ್ಟಾಲ್ ಅನ್ನೋದು. ಎಂಜಿನ್ ನಿಂತ ವಿಮಾನವನ್ನು ಹೊಲದಲ್ಲಿ ಇಳಿಸಿ ನಡೆದುಕೊಂಡು ಬರಬಹುದು. ನೆಲಕ್ಕೆ ಹತ್ತಿರದಲ್ಲಿ ಸ್ಟಾಲ್ ಆದರೆ ಸರಿ ಮಾಡಿಕೊಳ್ಳೋಕೆ ಎತ್ತರವೇ ಉಳಿದಿರಲ್ಲ.

ಹಾಗಾಗಿ ಕ್ರಮ ಹೀಗೆ. ವೇಗ ಹಿಡಿ. ಇಳಿಯೋ ಜಾಗ ಆರಿಸು, ಅದರ ಕಡೆ ತಿರುಗು. ಆಮೇಲೆ ಎಂಜಿನ್ ಮತ್ತೆ ಶುರುವಾಗುತ್ತದಾ ನೋಡು. ಇಂಧನದ ಗುಬುಟು ಸರಿಯಾದ ಟ್ಯಾಂಕ್‌ಗೆ ಇದೆಯಾ, ಗಾಳಿ-ಪೆಟ್ರೋಲ್ ಪ್ರಮಾಣ ಹೊಂದಿಸೋ ಮಿಕ್ಸ್ಚರ್ ಗುಬುಟು ಪೂರ್ತಿ ಒಳಗಿದೆಯಾ, ಅವೆರಡನ್ನೂ ಬೆರೆಸೋ ಕಾರ್ಬ್ಯುರೇಟರ್‌ಗೆ ಬಿಸಿಗಾಳಿ ಬಿಡೋ ಗುಬುಟು ಎಳೆದಿದ್ದೀಯಾ, ಪ್ಲಗ್‌ಗೆ ಕಿಡಿ ಕೊಡೋ ಮ್ಯಾಗ್ನೆಟೊಗಳ ಸ್ವಿಚ್ ಎರಡರ ಮೇಲೂ ಇದೆಯಾ. ಈ ಎಂಜಿನ್‌ಗಳಲ್ಲಿ ಮ್ಯಾಗ್ನೆಟೊ ಎರಡು, ಪ್ರತಿ ಸಿಲಿಂಡರಿಗೆ ಸ್ಪಾರ್ಕ್ ಪ್ಲಗ್ ಕೂಡ ಎರಡು. ಒಂದು ಹೋದರೂ ಇನ್ನೊಂದು ನಡೆಸುತ್ತದೆ. ಇಷ್ಟಕ್ಕೂ ಸರಿ ಹೋಗಲಿಲ್ಲ ಅಂದರೆ ರೇಡಿಯೊ. ಆಗಲೇ ಯಾರ ಜೊತೆ ಮಾತಾಡುತ್ತಿದ್ದೀರೋ ಅದೇ ಫ್ರೀಕ್ವೆನ್ಸಿಯಲ್ಲಿ ಹೇಳಿ, ಯಾರೂ ಸಿಗದಿದ್ದರೆ 121.5, ಅದು ತುರ್ತಿಗೆ ಅಂತಲೇ ಇಟ್ಟಿರೋದು. ರೇಡಾರ್‌ಗೆ ವಿಮಾನದ ಗುರುತು ಕಳಿಸೋ ಟ್ರಾನ್ಸ್‌ಪಾಂಡರ್‌ನಲ್ಲಿ 7700 ಒತ್ತಿದರೆ ರೇಡಾರ್ ಇದ್ದ ಕಡೆ ನಿಮ್ಮ ವಿಮಾನ ಬೇರೆಯಾಗಿ ಎದ್ದು ಕಾಣುತ್ತದೆ.

ಇಳಿಯೋದು ಖಚಿತ ಆದ ಮೇಲೆ ಇಂಧನ ಬಂದ್, ಮ್ಯಾಗ್ನೆಟೊ ಬಂದ್, ಬೆಲ್ಟ್ ಬಿಗಿ. ನಿಧಾನವಾಗಿ ಇಳಿಯೋಕೆ ರೆಕ್ಕೆಯ ಹಿಂಬದಿಯಲ್ಲಿ ತಗ್ಗಿಸೋ ಫ್ಲ್ಯಾಪ್ ಬ್ಯಾಟರಿಯಿಂದ ನಡೆಯೋದರಿಂದ ಅದನ್ನು ಇಳಿಸಿದ ಮೇಲೆ ಬ್ಯಾಟರಿ ಸ್ವಿಚ್ ಕೂಡ ಬಂದ್. ಬಾಗಿಲಿನ ಚಿಲಕ ಮೊದಲೇ ತೆಗೆದಿಡಬೇಕು. ಹೊಡೆತಕ್ಕೆ ಬಾಗಿಲಿನ ಚೌಕಟ್ಟು ಸೊಟ್ಟಗಾದರೆ ಆಮೇಲೆ ತೆಗೆಯೋಕೆ ಬರಲ್ಲ.

ಪಾಠ ಮಾಡುವಾಗ ನಾವು ಮುನ್ಸೂಚನೆ ಕೊಡುತ್ತಿರಲಿಲ್ಲ. ಹುಡುಗ ಆರಾಮಾಗಿ ಹಾರಿಸುತ್ತಿರುವಾಗ ಸುಮ್ನೆ ಎಂಜಿನ್ ಶಕ್ತಿ ಹೆಚ್ಚು-ಕಡಿಮೆ ಮಾಡೋ ಥ್ರಾಟಲ್ ಹಿಂದಕ್ಕೆಳೆದು ‘ಎಂಜಿನ್ ಹೋಯ್ತು, ಎಲ್ಲಿ ಇಳಿಸ್ತೀಯ’ ಅಂತ ಕೇಳೋದು. ಶುರುವಿನಲ್ಲಿ ಎಲ್ಲರೂ ಕೆಳಗೆ ನೋಡೋ ಬದಲು ನನ್ನ ಮುಖ ನೋಡುತ್ತಿದ್ದರು. ಅಭ್ಯಾಸ ಆದ ಮೇಲೆ ಮೂತಿ ತಾನಾಗಿ ತಗ್ಗುತ್ತಿತ್ತು, ಉತ್ತರ ಆಮೇಲೆ ಬರುತ್ತಿತ್ತು. ಆ ಮಟ್ಟಕ್ಕೆ ಬರೋವರೆಗೆ ಒಬ್ಬರನ್ನೇ ಹಾರೋಕೆ ಬಿಡುತ್ತಿರಲಿಲ್ಲ.

ಕಾರ್ಬ್ಯುರೇಟರ್‌ನಲ್ಲಿ ಮಂಜುಗಡ್ಡೆ ಕಟ್ಟಿ ಎಂಜಿನ್ ನಿಲ್ಲುತ್ತದೆ ಅಂತ ಎಲ್ಲೋ ಕೇಳಿದೆ. ನಮ್ಮ ಸೆಕೆಗೆ ಇದು ಸಾಧ್ಯನಾ?
— ಮೆಕ್ಯಾನಿಕಲ್ ಡಿಪ್ಲೊಮಾ ವಿದ್ಯಾರ್ಥಿ, ಗದಗ

ಸಾಧ್ಯ ತಮ್ಮಾ. ಕಾರ್ಬ್ಯುರೇಟರ್‌ನ ಕಿರಿದಾದ ಗಂಟಲಿನಲ್ಲಿ ಗಾಳಿ ಜೋರಾಗಿ ಹರಿದು ಒತ್ತಡ ಇಳಿಯುತ್ತದೆ, ಪೆಟ್ರೋಲ್ ಆವಿಯಾಗುತ್ತದೆ, ಎರಡೂ ಸೇರಿ ಅಲ್ಲಿನ ಉಷ್ಣತೆಯನ್ನು 20 ಡಿಗ್ರಿಗೂ ಜಾಸ್ತಿ ಇಳಿಸಬಲ್ಲವು. ಹೊರಗೆ 20 ಡಿಗ್ರಿ ಇದ್ದು ಗಾಳಿಯಲ್ಲಿ ಪಸೆ ಇದ್ದರೆ ಒಳಗೆ ಸೊನ್ನೆಗಿಂತ ಕೆಳಗೆ. ಆ ಪಸೆ ಅಲ್ಲೇ ಗಡ್ಡೆ ಕಟ್ಟುತ್ತದೆ, ಗಾಳಿಯ ದಾರಿ ಕಟ್ಟುತ್ತದೆ. ಏಪ್ರಿಲ್ ತಿಂಗಳ ಗದಗಿನ ಒಣ ಬಿಸಿಲಿಗಿಂತ ಜುಲೈನ ಧಾರವಾಡದ ಜಿಟಿಜಿಟಿ ಮಳೆ ಇದಕ್ಕೆ ಹೇಳಿ ಮಾಡಿಸಿದ ಹವೆ. ಅದೂ ಥ್ರಾಟಲ್ ಕಡಿಮೆ ಮಾಡಿ ಇಳಿಯುವಾಗ ಜಾಸ್ತಿ. ಎಂಜಿನ್ ಬಿಸಿಯಿಂದ ಕಾದ ಗಾಳಿಯನ್ನು ಕಾರ್ಬ್ಯುರೇಟರ್‌ಗೆ ತಿರುಗಿಸೋ ಒಂದು ಗುಬುಟು ಇರುತ್ತದೆ, ಅದನ್ನು ಎಳೆಯಬೇಕು. ಎಳೆದ ಕೂಡಲೇ ಎಂಜಿನ್ ಇನ್ನೂ ಗೊರಗೊರ ಅನ್ನುತ್ತದೆ, ಕರಗಿದ ನೀರು ಒಳಗೆ ಹೋಗುತ್ತಿರುತ್ತದೆ. ಹೆದರಿ ಮತ್ತೆ ಒಳಗೆ ತಳ್ಳಬಾರದು. ಫ್ಯುಯೆಲ್ ಇಂಜೆಕ್ಷನ್ ಇರುವ ಹೊಸ ಎಂಜಿನ್‌ಗಳಲ್ಲಿ ಕಾರ್ಬ್ಯುರೇಟರೇ ಇಲ್ಲ, ಅಲ್ಲಿ ಈ ತೊಂದರೆಯೂ ಇಲ್ಲ.

ಇಂಧನ ಖಾಲಿಯಾಗಿ ವಿಮಾನ ಇಳಿಸೋದು ಅಂದರೆ ನಂಬೋಕೇ ಆಗಲ್ಲ. ಅಷ್ಟು ಅಜಾಗರೂಕತೆ ಇರುತ್ತದಾ?
— ನಿವೃತ್ತ ಶಿಕ್ಷಕರು, ಹಾವೇರಿ

ಇರುತ್ತದೆ ಗುರುಗಳೇ. ಸಣ್ಣ ವಿಮಾನಗಳ ಎಂಜಿನ್ ನಿಲ್ಲೋಕೆ ಮುಖ್ಯ ಕಾರಣಗಳಲ್ಲಿ ಇಂಧನದ್ದು ಮೇಲಿನ ಸಾಲಿನಲ್ಲೇ ಇದೆ. ಪೂರ್ತಿ ಖಾಲಿ ಆಗೋದು, ಒಂದು ಟ್ಯಾಂಕ್ ತುಂಬಿದ್ದರೂ ಖಾಲಿ ಟ್ಯಾಂಕ್ ಮೇಲೆ ಗುಬುಟು ಇಟ್ಟುಕೊಂಡು ಹಾರೋದು, ಇಂಧನದಲ್ಲಿ ನೀರು ಸೇರೋದು.

ದೊಡ್ಡ ವಿಮಾನಕ್ಕೂ ಆಗಿದೆ. 1983ರ ಜುಲೈ 23ರಂದು ಕೆನಡಾದಲ್ಲಿ ಏರ್ ಕೆನಡಾದ ಬೋಯಿಂಗ್ 767 ವಿಮಾನ 41,000 ಅಡಿ ಎತ್ತರದಲ್ಲಿರುವಾಗ ಇಂಧನ ಮುಗಿಯುತ್ತಾ ಬಂದು, ಒಂದಾದ ಮೇಲೆ ಒಂದರಂತೆ ಎರಡೂ ಎಂಜಿನ್ ನಿಂತವು. ಆಗ ಆ ದೇಶ ಪೌಂಡ್‌ನಿಂದ ಕಿಲೋಗ್ರಾಮ್ ಲೆಕ್ಕಕ್ಕೆ ಬದಲಾಗುತ್ತಿದ್ದ ಕಾಲ. ವಿಮಾನದ ಇಂಧನ ಮಾಪಕ ಕೆಟ್ಟಿತ್ತು. ಟ್ಯಾಂಕಿನಲ್ಲಿ ಕಡ್ಡಿ ಅದ್ದಿ ಅಳೆದು ಲೀಟರನ್ನು ತೂಕಕ್ಕೆ ಬದಲಾಯಿಸಿದರು. ಅಲ್ಲಿ ಕಿಲೋ ಲೆಕ್ಕದ ಬದಲು ಪೌಂಡ್ ಲೆಕ್ಕದ ಸಂಖ್ಯೆಯಿಂದ ಗುಣಿಸಿಬಿಟ್ಟರು. ಬೇಕಾದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಇಂಧನ ಇಟ್ಟುಕೊಂಡು ಹೊರಟರು. ಕ್ಯಾಪ್ಟನ್ ಬಾಬ್ ಪಿಯರ್ಸನ್ ಗ್ಲೈಡರ್ ಹಾರಿಸಿ ಅನುಭವ ಇದ್ದವರು. ಗಿಮ್ಲಿ ಅನ್ನೋ ಊರಿನ ಹಳೆಯ ವಾಯುಪಡೆ ರನ್‌ವೇ ಮೇಲೆ ಇಳಿಸಿದರು. ಆ ರನ್‌ವೇ ಆಗ ಕಾರ್ ರೇಸಿಗೆ ಬಳಕೆಯಾಗುತ್ತಿತ್ತು, ಅವತ್ತು ಜನರೂ ಸೇರಿದ್ದರು. ವಿಮಾನದಲ್ಲಿದ್ದ 69 ಜನರಲ್ಲಿ ಯಾರೂ ಸಾಯಲಿಲ್ಲ, ಕೆಳಗಿದ್ದವರಿಗೂ ಏನೂ ಆಗಲಿಲ್ಲ.

ನೀರಿನ ವಿಷಯ ಕಣ್ಣಾರೆ ನೋಡೋ ಹಾಗಿರುತ್ತದೆ. ಬೆಳಿಗ್ಗೆ ಹಾರೋ ಮುಂಚೆ ರೆಕ್ಕೆಯ ಕೆಳಗಿನ ಸಣ್ಣ ಬಿರಡೆ ಒತ್ತಿ ಪಾರದರ್ಶಕ ಲೋಟಕ್ಕೆ ಸ್ವಲ್ಪ ಇಂಧನ ಇಳಿಸುತ್ತೇವೆ. 100 ಎಲ್‌ಎಲ್ ಅನ್ನೋ ವಿಮಾನದ ಪೆಟ್ರೋಲ್ ತಿಳಿ ನೀಲಿ. ಲೋಟವನ್ನು ಆಕಾಶಕ್ಕೆ ಹಿಡಿದು ನೋಡಬೇಕು. ನೀರಿದ್ದರೆ ಬಣ್ಣವಿಲ್ಲದ ಗುಂಡಿನಂತೆ ತಳದಲ್ಲಿ ಬೇರೆಯಾಗಿ ಕೂತು, ಲೋಟ ಅಲುಗಾಡಿಸಿದರೆ ಉರುಳಾಡುತ್ತದೆ. ಲೋಟ ಪೂರ್ತಿ ನೀರೇ ಆಗಿದ್ದರೆ ನೀಲಿ ಇರಲ್ಲ, ಗೆರೆಯೂ ಕಾಣಲ್ಲ. ಅದಕ್ಕೇ ಬಣ್ಣ ನೋಡು, ಮೂಸಿ ನೋಡು ಅಂತ ಹೇಳೋದು. ಮಳೆಗಾಲದಲ್ಲಿ ರಾತ್ರಿ ಹೊರಗೆ ನಿಂತ ವಿಮಾನಕ್ಕೆ ಈ ಕೆಲಸ ತಪ್ಪಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎರಡು ನಿಮಿಷದ ಕೆಲಸ.

ನಮ್ಮದು ಪೂರ್ತಿ ಎರೆ ಭೂಮಿ, ಎಲ್ಲಿ ನೋಡಿದರೂ ಬಯಲು. ಇಂಥಲ್ಲಿ ವಿಮಾನ ಎಲ್ಲಿ ಬೇಕಾದರೂ ಇಳಿಸಬಹುದು ಅಲ್ವಾ?
— ರೈತರು, ಅಣ್ಣಿಗೇರಿ

ಈ ಪ್ರಶ್ನೆ ಬಂದಿದ್ದು ನನಗೆ ತುಂಬಾ ಖುಷಿ ಕೊಟ್ಟಿತು ಅಣ್ಣಾರೆ. ಯಾಕಂದರೆ ಇದರ ಅರ್ಧ ಉತ್ತರ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಕಲಘಟಗಿ, ಅಳ್ನಾವರ ಕಡೆಯ ಕಾಡು ಮತ್ತು ಭತ್ತದ ಗದ್ದೆಗೆ ಹೋಲಿಸಿದರೆ ಅಣ್ಣಿಗೇರಿ-ನವಲಗುಂದದ ಬಯಲು ದೊಡ್ಡ ವರವೇ. ಆದರೆ ಯಾವ ತಿಂಗಳು, ಏನು ಬೆಳೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಕಡಲೆ ಕಿತ್ತಾದ ಮೇಲಿನ ಒಣ ಹೊಲ ಸಿಕ್ಕರೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಗಟ್ಟಿ, ಸಪಾಟು, ಎತ್ತರದ ಬೆಳೆ ಇಲ್ಲ. ಹೆಸರು, ಶೇಂಗಾ, ಎಳೆಯ ಕಡಲೆ ಇದ್ದರೂ ಪರವಾಗಿಲ್ಲ, ನೆಲಕ್ಕೆ ಅಂಟಿಕೊಂಡ ಬೆಳೆ. ಆಳೆತ್ತರದ ಬಿಳಿಜೋಳ, ಗೋವಿನಜೋಳ, ಸೂರ್ಯಕಾಂತಿ ಇದ್ದರೆ ತೆನೆಯ ತುದಿಯನ್ನೇ ನೆಲ ಅಂತ ತಿಳಿದು ಇಳಿಸಬೇಕು, ಯಾಕಂದರೆ ಗಾಲಿಯನ್ನು ಬೆಳೆ ಅಲ್ಲೇ ಹಿಡಿದುಕೊಳ್ಳುತ್ತದೆ. ಬಲಿತ ಹತ್ತಿಯ ಕಟ್ಟಿಗೆ ಇನ್ನೂ ಕೆಟ್ಟದು. ನೇಗಿಲು ಹೊಡೆದು ದೊಡ್ಡ ದೊಡ್ಡ ಹೆಂಟೆ ಎದ್ದ ಹೊಲ ಮೇಲಿನಿಂದ ನುಣ್ಣಗೆ ಕಾಣುತ್ತದೆ, ಹತ್ತಿರ ಬಂದ ಮೇಲೆ ಗೊತ್ತಾಗುತ್ತದೆ.

ಮಳೆಗಾಲದ ಎರೆ ಅಂದರೆ ನಿಮಗೆ ಹೇಳಬೇಕಾಗಿಲ್ಲ, ಟ್ರ್ಯಾಕ್ಟರ್ರೇ ಹೂತುಹೋಗುತ್ತದೆ. ವಿಮಾನದ ಮುಂದಿನ ಸಣ್ಣ ಗಾಲಿ ಅದರಲ್ಲಿ ಕಚ್ಚಿಕೊಂಡರೆ ವಿಮಾನ ಮುಂದಕ್ಕೆ ಮಗುಚಿ ಬೆನ್ನ ಮೇಲೆ ಬೀಳುತ್ತದೆ. ಅದಕ್ಕೆ ಆದಷ್ಟು ನಿಧಾನವಾಗಿ, ಹಿಂದಿನ ಗಾಲಿಗಳ ಮೇಲೆ ಇಳಿಸಿ, ಮೂತಿಯನ್ನು ಆಗೋವರೆಗೂ ಎತ್ತಿ ಹಿಡಿಯಬೇಕು. ಹತ್ತಿರದಲ್ಲಿ ಮಸಾರಿ ಹೊಲ ಇದ್ದರೆ ಮಳೆಗಾಲಕ್ಕೆ ಅದೇ ಮೇಲು. ಕೆಂಪು-ಕಪ್ಪು ಬಣ್ಣ ಮೇಲಿನಿಂದ ಚೆನ್ನಾಗಿ ಕಾಣುತ್ತದೆ.

ಸಾಲಿನ ಉದ್ದಕ್ಕೆ ಇಳಿಸಬೇಕು, ಅಡ್ಡಕ್ಕೆ ಬೇಡ. ಒಡ್ಡುಗಳನ್ನು ನೋಡಬೇಕು. ಈಚೆಗೆ ಹೊಲಹೊಲಕ್ಕೂ ಕೃಷಿ ಹೊಂಡ ಬಂದಿವೆ, ಸುತ್ತಲಿನ ಮಣ್ಣಿನ ಏರಿ ಮೇಲಿನಿಂದ ಚಪ್ಪಟೆಯಾಗಿ ಕಾಣುತ್ತದೆ, ಮೋಸ ಮಾಡುತ್ತದೆ. ಎಲ್ಲಕ್ಕಿಂತ ಹೆದರಿಕೆ ತಂತಿಯದು. ತಂತಿ ಕಾಣಲ್ಲ, ಕಂಬ ಹುಡುಕಬೇಕು. ಪಂಪ್‌ಸೆಟ್ ಇದೆ ಅಂದರೆ ಅಲ್ಲಿಗೆ ಲೈನ್ ಬಂದೇ ಇರುತ್ತದೆ.

ಗಾಳಿಗೆ ಎದುರಾಗಿ ಇಳಿಸಿದರೆ ಎಷ್ಟು ಫರಕು ನೋಡಿ. ವಿಮಾನ ಗಂಟೆಗೆ 90 ಕಿ.ಮೀ. ವೇಗದಲ್ಲಿ ನೆಲ ಮುಟ್ಟುತ್ತದೆ, ಗಾಳಿ 25 ಇದೆ ಅನ್ನಿ. ಎದುರಿಗೆ ಇಳಿದರೆ ನೆಲದ ಲೆಕ್ಕದಲ್ಲಿ 65, ಗಾಳಿ ಹಿಂದಿನಿಂದ ಬಂದರೆ 115. ಹೊಡೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಎರಡನೆಯದರಲ್ಲಿ ಮೂರು ಪಟ್ಟಿಗೂ ಜಾಸ್ತಿ. ಗಾಳಿ ಯಾವ ಕಡೆಯಿಂದ ಅಂತ ತಿಳಿಯೋಕೆ ಗದಗ ಕಡೆಯವರಿಗೆ ಒಂದು ಅನುಕೂಲ ಇದೆ: ಕಪ್ಪತಗುಡ್ಡದ ಗಾಳಿ ವಿದ್ಯುತ್ ಫ್ಯಾನ್‌ಗಳು ತಿರುಗುತ್ತಿರುವಾಗ ಗಾಳಿಗೆ ಮುಖ ಮಾಡಿಯೇ ನಿಂತಿರುತ್ತವೆ. ಕೆರೆ ಇದ್ದರೆ ಗಾಳಿ ಬರುವ ದಡದ ಹತ್ತಿರ ನೀರು ನಿಶ್ಚಲ, ಆಚೆ ದಡದಲ್ಲಿ ಅಲೆ. ಹೊಲದಲ್ಲಿ ಹೊಟ್ಟು ಸುಡುವ ಹೊಗೆಯೂ ಸಾಕು.

ಇನ್ನೊಂದು ಮಾತು, ಇದನ್ನು ಕಲಿಯುವವರಿಗೆ ನಾನು ಜೋರಾಗಿ ಹೇಳುತ್ತಿದ್ದೆ: ವಿಮಾನ ಉಳಿಸೋಕೆ ಹೋಗಬೇಡಿ. ಎಂಜಿನ್ ನಿಂತ ಕ್ಷಣದಿಂದ ಅದು ಇನ್ಶೂರೆನ್ಸ್‌ನವರ ಸೊತ್ತು. ರೆಕ್ಕೆ ಮುರಿಯಲಿ, ಗಾಲಿ ಕಿತ್ತುಹೋಗಲಿ, ನೀವು ಕೂತ ಜಾಗ ನಿಧಾನಕ್ಕೆ ನಿಲ್ಲಬೇಕು. 80 ಕಿ.ಮೀ. ವೇಗದಿಂದ ನಿಲ್ಲೋಕೆ ಮೂರು ಮೀಟರ್ ಜಾಗ ಸಿಕ್ಕರೂ ಮೈ ಮೇಲೆ ಬೀಳೋ ಬಲ ಸುಮಾರು ಎಂಟೂವರೆ ಜಿ, ಅಂದರೆ ನಿಮ್ಮ ತೂಕದ ಎಂಟೂವರೆ ಪಟ್ಟು, ಬಿಗಿಯಾಗಿ ಬೆಲ್ಟ್ ಕಟ್ಟಿದ ಮನುಷ್ಯ ಅದನ್ನು ತಡೆದುಕೊಳ್ಳುತ್ತಾನೆ. ಎರಡು ಮರದ ನಡುವೆ ನುಗ್ಗಿಸಿ ರೆಕ್ಕೆಗಳಿಗೇ ಹೊಡೆತ ಬೀಳೋ ಹಾಗೆ ಮಾಡೋದೂ ಕಲಿಸೋ ಪಾಠವೇ. ದೂರದಲ್ಲಿ ಚಂದದ ಹೊಲ ಕಾಣುತ್ತದೆ ಅಂತ ಎಳೆದುಕೊಂಡು ಹೋಗೋಕೆ ನೋಡಿ, ದಾರಿಯಲ್ಲೇ ವೇಗ ಕಳೆದುಕೊಂಡವರು ಬಹಳ. ಕೈಗೆ ಸಿಗೋ ಸಾಧಾರಣ ಹೊಲವೇ ಸಾಕು.

ನಮ್ಮ ಪಕ್ಕದ ಬೆಳಗಾವಿಯಲ್ಲೇ 2023ರ ಮೇ 30ರಂದು ಸಾಂಬ್ರಾ ನಿಲ್ದಾಣದ ಹತ್ತಿರ ಹೊನ್ನಿಹಾಳದ ಹೊಲದಲ್ಲಿ ಒಂದು ತರಬೇತಿ ವಿಮಾನ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯದಲ್ಲಿ ಪಾರಾದರು.

ಹೊಲಕ್ಕಿಂತ ಹುಬ್ಬಳ್ಳಿ-ಹಾವೇರಿ ಹೈವೇ ಒಳ್ಳೇದಲ್ವಾ? ನುಣ್ಣನೆ ಡಾಂಬರು, ಎಷ್ಟು ಬೇಕಾದರೂ ಉದ್ದ.
— ಲಾರಿ ಚಾಲಕರು, ಶಿಗ್ಗಾವಿ

ನುಣುಪು ನಿಜ. ಆದರೆ ಡಿವೈಡರ್, ಬೋರ್ಡ್, ದೀಪದ ಕಂಬ, ಅಡ್ಡ ಹಾಯೋ ತಂತಿ, ಮೇಲ್ಸೇತುವೆ, ಮುಖ್ಯವಾಗಿ ನಿಮ್ಮಂಥವರ ಗಾಡಿಗಳು. ರೆಕ್ಕೆ ಸುಮಾರು 11 ಮೀಟರ್ ಅಗಲ. ರಸ್ತೆಯಲ್ಲಿ ಹೋಗುವವರಿಗೆ ಆ ಅಪಾಯದಲ್ಲಿ ಪಾಲು ಕೊಡೋದು ತಪ್ಪು ಅಂತ ನನ್ನ ಅಭಿಪ್ರಾಯ. ಬೇರೇನೂ ಇಲ್ಲದಾಗ ಮಾತ್ರ.

ನಟಿ ಸೌಂದರ್ಯ ಅವರಿದ್ದ ವಿಮಾನ ಹಾರಿದ ಸ್ವಲ್ಪ ಹೊತ್ತಿಗೇ ಬಿತ್ತಲ್ಲ, ಹಿಂದಕ್ಕೆ ತಿರುಗಿಸಿ ರನ್‌ವೇಗೆ ಬರೋಕೆ ಆಗಲ್ವಾ?
— ಗೃಹಿಣಿ, ಹುಬ್ಬಳ್ಳಿ

2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಹೊರಟ ಆ ಸೆಸ್ನಾ 180ರಲ್ಲಿ ಸೌಂದರ್ಯ ಸೇರಿ ನಾಲ್ವರು ಹೋದರು, ಇವತ್ತಿಗೂ ಅದನ್ನು ನೆನೆದರೆ ಸಂಕಟ ಆಗುತ್ತದೆ. ಆ ಅಪಘಾತದ ಕಾರಣದ ಚರ್ಚೆಗೆ ನಾನಿಲ್ಲಿ ಹೋಗಲ್ಲ ಅಕ್ಕಾ, ನೀವು ಕೇಳಿದ ಮೂಲ ವಿಷಯ ಹೇಳುತ್ತೇನೆ.

ಹಾರಿದ ತಕ್ಷಣ ಎಂಜಿನ್ ನಿಂತರೆ ಎತ್ತರವೂ ಇಲ್ಲ, ವೇಗವೂ ಇಲ್ಲ. ಹಿಂದೆ ಕಾಣೋ ರನ್‌ವೇ ಕೈಬೀಸಿ ಕರೆಯುತ್ತದೆ. ಆದರೆ ಬರೀ ಅರ್ಧ ಸುತ್ತು ತಿರುಗಿದರೆ ಸಾಲದು, ಅಷ್ಟೊತ್ತಿಗೆ ಪಕ್ಕಕ್ಕೆ ಸರಿದಿರುತ್ತೀರಿ, ರನ್‌ವೇ ನೇರಕ್ಕೆ ಬರೋಕೆ ಇನ್ನೂ ತಿರುಗಬೇಕು. 45 ಡಿಗ್ರಿ ವಾಲಿಸಿ ತಿರುಗಿದರೆ ಸ್ಟಾಲ್ ಆಗೋ ವೇಗ ಸುಮಾರು ಐದನೇ ಒಂದು ಭಾಗದಷ್ಟು ಏರುತ್ತದೆ, ಇಳಿಯೋ ವೇಗವೂ ಜಾಸ್ತಿಯಾಗುತ್ತದೆ. ಹಾರುವಾಗ ಎದುರಿದ್ದ ಗಾಳಿ ಈಗ ಬೆನ್ನಿಗೆ. ಈ ತಿರುವಿನಲ್ಲಿ ಅನುಭವಿಗಳೂ ಸತ್ತಿದ್ದಾರೆ. ಅದಕ್ಕೇ ಕಡಿಮೆ ಎತ್ತರದಲ್ಲಿ ನೇರ ಮುಂದೆ, ಬೇಕಾದರೆ ಸ್ವಲ್ಪ ಎಡಕ್ಕೋ ಬಲಕ್ಕೋ, ಸಿಕ್ಕ ಜಾಗದಲ್ಲಿ ಇಳಿಸಬೇಕು. ಪ್ರತಿ ಸಲ ರನ್‌ವೇ ತುದಿಯಲ್ಲಿ ನಿಂತು ‘ಈಗ ನಿಂತರೆ ಇಲ್ಲೇ ಬ್ರೇಕ್, ಹಾರಿದ ಮೇಲೆ ನಿಂತರೆ ನೇರ ಮುಂದೆ’ ಅಂತ ಬಾಯಿಬಿಟ್ಟು ಹೇಳಿಕೊಂಡೇ ಹೊರಡೋದು ಇದಕ್ಕೇ. ಆ ಹೊತ್ತಿನಲ್ಲಿ ಯೋಚನೆ ಮಾಡೋಕೆ ಪುರುಸೊತ್ತು ಇರಲ್ಲ.

ಬೆಂಗಳೂರಿಂದ ಹುಬ್ಬಳ್ಳಿಗೆ ಬರೋ ವಿಮಾನಕ್ಕೆ ಹೀಗಾದರೆ?
— ಸಾಫ್ಟ್‌ವೇರ್ ಉದ್ಯೋಗಿ, ಧಾರವಾಡ

ಅವುಗಳಿಗೆ ಎರಡು ಎಂಜಿನ್. ಟೇಕಾಫ್ ಹೊತ್ತಲ್ಲೇ ಒಂದು ಹೋದರೂ ಇನ್ನೊಂದರಲ್ಲೇ ಮೇಲೇರಿ ಹಾರೋ ಹಾಗೆ ಮಾಡಿರುತ್ತಾರೆ. ಎರಡೂ ಹೋಗೋದು ಬಹಳ ಅಪರೂಪ. 2009ರ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ಹಕ್ಕಿಗಳ ಹಿಂಡು ಬಡಿದು ಎರಡೂ ನಿಂತಾಗ ಕ್ಯಾಪ್ಟನ್ ಸಲ್ಲನ್‌ಬರ್ಗರ್ ಹಡ್ಸನ್ ನದಿಯಲ್ಲಿ ಇಳಿಸಿ 155 ಜನರನ್ನೂ ಉಳಿಸಿದರು. ಅವರೂ ರನ್‌ವೇಗೆ ಹಿಂತಿರುಗೋ ಆಸೆ ಬಿಟ್ಟರು, ಮುಂದೆ ಸಿಕ್ಕ ಜಾಗ ಆರಿಸಿದರು.

ನಮ್ಮ ಊರ ಹೊಲದಲ್ಲಿ ಇಂಥ ವಿಮಾನ ಇಳಿದರೆ ನಾವು ಏನು ಮಾಡಬೇಕು?
— ಗ್ರಾಮ ಪಂಚಾಯಿತಿ ಸದಸ್ಯರು, ರೋಣ ತಾಲೂಕು

ಮೊದಲು 112ಕ್ಕೆ ಫೋನ್, ಗಾಯ ಆಗಿದ್ದರೆ 108. ಬೀಡಿ-ಸಿಗರೇಟು ಯಾರೂ ಹಚ್ಚಬಾರದು, ಪೆಟ್ರೋಲ್ ಸೋರಿರುತ್ತದೆ. ನಿಂತ ಪ್ರೊಪೆಲ್ಲರನ್ನೂ ಮುಟ್ಟಬೇಡಿ. ಮ್ಯಾಗ್ನೆಟೊಗೆ ಬ್ಯಾಟರಿ ಬೇಕಿಲ್ಲ, ಸ್ವಿಚ್ ಬಂದ್ ಆಗಿರದಿದ್ದರೆ ಕೈಯಿಂದ ತಿರುಗಿಸಿದರೂ ಎಂಜಿನ್ ಒಂದು ಸಲ ಹೊತ್ತಿ, ಪ್ರೊಪೆಲ್ಲರ್ ತಿರುಗಿ ಕೈ ಕತ್ತರಿಸಿಬಿಡಬಹುದು. ಬೆಂಕಿ ಇದ್ದರೆ ಒಳಗಿದ್ದವರನ್ನು ಹೇಗಾದರೂ ಎಳೆಯಿರಿ. ಬೆಂಕಿ ಇಲ್ಲ, ಮನುಷ್ಯ ಮಾತಾಡುತ್ತಿದ್ದಾನೆ, ಬೆನ್ನು ನೋವು ಅನ್ನುತ್ತಾನೆ ಅಂದರೆ ಅಲುಗಾಡಿಸಬೇಡಿ, ಆಂಬುಲೆನ್ಸ್ ಬರಲಿ. ಸಿರಸ್ ಅನ್ನೋ ಜಾತಿಯ ವಿಮಾನದಲ್ಲಿ ಇಡೀ ವಿಮಾನಕ್ಕೇ ಪ್ಯಾರಾಚೂಟ್ ಇರುತ್ತದೆ, ಅದನ್ನು ಹೊರಗೆ ಎಸೆಯೋದು ರಾಕೆಟ್. ಅದು ಹಾರದೇ ಉಳಿದಿದ್ದರೆ ಅಪಾಯ, ಆ ಎಚ್ಚರಿಕೆಯ ಚೀಟಿ ಮೇಲೆ ಅಂಟಿಸಿರುತ್ತದೆ, ಅಲ್ಲಿಂದ ದೂರ ನಿಲ್ಲಿ.

ಆಮೇಲೆ ಜನ ಸೇರುತ್ತಾರೆ, ಸೆಲ್ಫಿ ಶುರುವಾಗುತ್ತದೆ. ಊರ ಹಿರಿಯರು ಹಗ್ಗ ಕಟ್ಟಿಸಿ ದೂರ ನಿಲ್ಲಿಸಬೇಕು. ಒಂದು ಬೋಲ್ಟ್ ಕೂಡ ಯಾರೂ ಮನೆಗೆ ಒಯ್ಯಬಾರದು, ಗುಬುಟು ಯಾವ ಕಡೆ ತಿರುಗಿತ್ತು ಅನ್ನೋದೇ ತನಿಖೆಗೆ ಸಾಕ್ಷಿ. ಬೆಳೆ ಹಾಳಾಗಿದ್ದರೆ ಹೊಲದ ಯಜಮಾನರು ಅವತ್ತೇ ಫೋಟೊ ತೆಗೆದು ಪೊಲೀಸರಿಗೂ ತಹಶೀಲ್ದಾರರಿಗೂ ಬರೆದು ಕೊಡಲಿ. ವಿಮಾನ ಎತ್ತಲು ಬರೋ ಕ್ರೇನ್, ನೋಡಲು ಬರೋ ಜನ ತುಳಿಯೋ ಬೆಳೆಯೇ ಜಾಸ್ತಿ, ಅದನ್ನೂ ಬರೆಸಿ.

ಮಗಳು ಪೈಲಟ್ ಆಗಬೇಕು ಅಂತ ಹಟ ಹಿಡಿದಿದ್ದಾಳೆ. ಇದನ್ನೆಲ್ಲ ಓದಿ ನನಗೆ ನಿದ್ದೆ ಬರಲ್ಲ. ಕಳಿಸಲಾ ಬೇಡವಾ?
— ಒಬ್ಬ ತಾಯಿ, ರಾಣೆಬೆನ್ನೂರು

ಕಳಿಸಿ ಅಕ್ಕಾ. ಆದರೆ ಶಾಲೆ ನೋಡಿ ಕಳಿಸಿ. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು, ಅದನ್ನು ಬೇಗ ಮುಗಿಸಿಕೊಡುತ್ತೇವೆ ಅನ್ನೋದನ್ನೇ ದೊಡ್ಡದಾಗಿ ಹೇಳೋ ಕಡೆ ಎರಡು ಸಲ ಯೋಚಿಸಿ. ಫೀಸ್ ಮಾತಾಡೋ ಮೊದಲು ನೀವೇ ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿ ನಿಂತು ನೋಡಿ. ಹುಡುಗರು ಇಂಧನದ ಲೋಟ ಹಿಡಿದು ನೋಡುತ್ತಾರಾ, ಇಲ್ಲ ನೇರ ಹತ್ತಿ ಕೂರುತ್ತಾರಾ? ವಿಮಾನದಲ್ಲಿ ದೋಷ ಕಂಡ ಹುಡುಗಿ ‘ಇವತ್ತು ಹಾರಲ್ಲ’ ಅಂದರೆ ಬೈಯುತ್ತಾರಾ, ಮೆಕ್ಯಾನಿಕ್ ಕರೆಸುತ್ತಾರಾ? ಎಂಜಿನ್ ನಿಂತಾಗಿನ ಅಭ್ಯಾಸ ಎಷ್ಟು ದಿನಕ್ಕೊಮ್ಮೆ ಮಾಡಿಸುತ್ತೀರಿ ಅಂತ ಮೇಷ್ಟ್ರನ್ನೇ ಕೇಳಿ, ಕೇಳೋಕೆ ಸಂಕೋಚ ಬೇಡ, ದುಡ್ಡು ನಿಮ್ಮದು, ಮಗಳು ನಿಮ್ಮವಳು. ಮತ್ತೆ ಮೆಡಿಕಲ್ ಪರೀಕ್ಷೆ ಮೊದಲು ಮಾಡಿಸಿ. ಲಕ್ಷಗಟ್ಟಲೆ ಕಟ್ಟಿದ ಮೇಲೆ ಕಣ್ಣಿನದೋ ಕಿವಿಯದೋ ತೊಂದರೆ ಗೊತ್ತಾದರೆ ಆ ದುಡ್ಡು ವಾಪಸ್ ಪಡೆಯೋದು ಕಷ್ಟ.